ಎಚ್ಚರವಾದಾಗ ಪಕ್ಕದಲ್ಲಿರುವ ಗಾಡಿಯಜ್ಜಿ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮಕ್ಕಳ ವಾರ್ಡಿನ ಕಾರಿಡಾರಿನಲ್ಲಿ ನೀಲಿ ಸಮವಸ್ತ್ರದ ಹೆಂಗಸೊಬ್ಬರು ಕುಕ್ಕರಗಾಲಲ್ಲಿ ಕೂತು ಸ್ಟ್ರೆಚರಿನ ಚಕ್ರಕ್ಕೆ ಎಣ್ಣೆ ಬಿಡುತ್ತಿದ್ದಾರೆ. "ಇದು ಕಿರ್ರ್ ಅಂದ್ರೆ ಮಕ್ಕಳ ಜೀವ ಅಲ್ಲೇ ಅರ್ಧ ಹೋಗುತ್ತೆ" ಎನ್ನುತ್ತಾ ಮೊಣಕಾಲಿಗೆ ಕೈಕೊಟ್ಟು ಏಳುತ್ತಾರೆ.

ಆಪರೇಷನ್ನಿಗೆ ಹೋಗುವ ಮಕ್ಕಳನ್ನು ಥಿಯೇಟರಿಗೆ ಕರೆದೊಯ್ಯುವುದು, ವಾಪಸು ತರುವುದು ಈ ಆಯಮ್ಮನ ಕೆಲಸ. ಮಕ್ಕಳ ಬಾಯಲ್ಲಿ ಇವರು ಗಾಡಿಯಜ್ಜಿ.

ಇವತ್ತಿನ ಮೊದಲ ಸರದಿ ಐದು ವರ್ಷದ ಹುಡುಗಿಯದು. ಟಾನ್ಸಿಲ್ ತೆಗೆಯಬೇಕು. ತಾಯಿ ಹಸಿ ಬಾಣಂತಿ. ಜೊತೆಗೆ ಬಂದಿರುವುದು ಟ್ಯಾಕ್ಸಿ ಓಡಿಸುವ ಅಪ್ಪ. "ಡಾಕ್ಟರ್ ಸುಮ್ನೆ ಗಂಟಲು ನೋಡ್ತಾರೆ ಪುಟ್ಟಿ. ಒಂಚೂರೂ ನೋವಾಗಲ್ಲ" ಎಂದು ಒಂದೇ ಸಮನೆ ಹೇಳುತ್ತಿದ್ದಾನೆ. ಅವನ ಮುಖವೇ ಬಿಳಿಚಿಕೊಂಡಿದೆ.

ಗಾಡಿಯಜ್ಜಿ ಅವನನ್ನು ಬಾಗಿಲ ಮರೆಗೆ ಕರೆಯುತ್ತಾರೆ. "ಹಾಗೆ ಹೇಳ್ಬೇಡಪ್ಪಾ. ಎದ್ದ ಮೇಲೆ ನೋವಾಗೇ ಆಗುತ್ತೆ. ಆಮೇಲೆ ನೀನು ನೀರು ಕುಡಿ ಅಂದ್ರೂ ನಂಬಲ್ಲ."

ಅವನು ತಲೆ ತಗ್ಗಿಸುತ್ತಾನೆ. ಹೇಳುವ ಧೈರ್ಯ ಬರುವುದಿಲ್ಲ. ಕೊನೆಗೆ ಅಜ್ಜಿಯೇ ಮಂಚದ ಅಂಚಿಗೆ ಕೂರುತ್ತಾರೆ. "ನಿಂಗೆ ನಿದ್ದೆ ಬರೋ ಔಷಧಿ ಕೊಡ್ತಾರೆ. ಎದ್ದಾಗ ಗಂಟಲು ಉರಿಯುತ್ತೆ. ಅಳು ಬಂದ್ರೆ ಅಳು."

ಹುಡುಗಿ ಕಣ್ಣರಳಿಸಿ ಕೇಳುತ್ತಾಳೆ, "ನೀನು ಇರ್ತೀಯಾ?"

"ಇರ್ತೀನಿ. ಅಪ್ಪನೂ ಇರ್ತಾನೆ."

ಆದರೆ ಹೊರಡುವ ಹೊತ್ತಿಗೆ ಅಪಘಾತದ ಕೇಸೊಂದು ಬಂದು ಥಿಯೇಟರ್ ಅದಕ್ಕೆ ಹೋಗುತ್ತದೆ. ಖಾಲಿ ಹೊಟ್ಟೆಯ ಹುಡುಗಿ ರಚ್ಚೆ ಹಿಡಿಯುತ್ತಾಳೆ. ಅಜ್ಜಿ ಅವಳನ್ನು ಸೊಂಟಕ್ಕೇರಿಸಿಕೊಂಡು ಕಿಟಕಿಯಿಂದ ಕಿಟಕಿಗೆ ಅಡ್ಡಾಡುತ್ತಾರೆ. ಸೊಂಟಕ್ಕೆ ಪಟ್ಟಿ ಕಟ್ಟಿರುವುದು ಸಮವಸ್ತ್ರದೊಳಗೆ ಕಾಣುವುದಿಲ್ಲ.

ಇವರ ಗಂಡ ಇದೇ ಆಸ್ಪತ್ರೆಯ ಕಾವಲುಗಾರರಾಗಿದ್ದರು. ಅವರು ತೀರಿಕೊಂಡಾಗ ಮಗಳಿನ್ನೂ ತೊದಲು ಮಾತಿನವಳು. ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಸಿಕ್ಕಿತು. ಒಮ್ಮೆ ಒಗೆದ ಬೆಡ್‌ಶೀಟ್ ಕೊಡಲು ಬಂದವರು, ಥಿಯೇಟರಿನ ಮುಂದೆ ಚೀರುತ್ತಿದ್ದ ಮಗುವನ್ನು ಗಂಟು ಕೆಳಗಿಟ್ಟು ಎತ್ತಿಕೊಂಡರು. ಮಗು ಸುಮ್ಮನಾಯಿತು. "ನಾಳೆಯಿಂದ ಇಲ್ಲಿಗೇ ಬಾ" ಎಂದರಂತೆ ಹಿರಿಯ ನರ್ಸು. ಅಲ್ಲಿಂದೀಚೆಗೆ ದಿನಕ್ಕೆ ಏಳೆಂಟು ಮಕ್ಕಳು ಇವರ ಗಾಡಿ ಹತ್ತುತ್ತಾರೆ. ಕೆಲಸ ಮಾತ್ರ ಇವತ್ತಿಗೂ ಗುತ್ತಿಗೆಯದೇ.

ಮಧ್ಯಾಹ್ನ ಪಾಳಿ ಮುಗಿಯುವಾಗ ಹುಡುಗಿ ಇನ್ನೂ ಒಳಗಿದ್ದಾಳೆ. ಅಜ್ಜಿ ಮಗಳಿಗೆ ಫೋನು ಹಚ್ಚುತ್ತಾರೆ. "ಲೇಟಾಗುತ್ತೆ ಕಣೇ, ನೀನು ಊಟ ಮಾಡು."

ಆ ಕಡೆಯಿಂದ ಬೈಗುಳ ಕೇಳಿಸುತ್ತದೆ. "ಹೂಂ, ಆಸ್ಪತ್ರೆಲೇ ಹಾಸಿಗೆ ಹಾಸ್ಕೊಂಡುಬಿಡು!"

"ಅವಳು ಹೇಳೋದ್ರಲ್ಲಿ ತಪ್ಪಿಲ್ಲ" ಎಂದು ಅಜ್ಜಿ ನಗುತ್ತಾರೆ. "ಇರ್ತೀನಿ ಅಂದುಬಿಟ್ಟಿದ್ದೀನಲ್ಲ, ಏನು ಮಾಡ್ಲಿ?"

ಆಪರೇಷನ್ ಮುಗಿದು, ಥಿಯೇಟರಿನ ಪಕ್ಕದ ಕೋಣೆಯಲ್ಲಿ ಹುಡುಗಿ ಕಣ್ಣು ಬಿಡುತ್ತಾಳೆ. ಇಬ್ಬರನ್ನೂ ನೋಡುತ್ತಾಳೆ. ಅಳುತ್ತಾಳೆ, ಅಪ್ಪನ ಕೈ ತಳ್ಳುತ್ತಾಳೆ. ಚೆನ್ನಾಗಿ ನುಂಗಲು ಶುರುಮಾಡದಿದ್ದರೆ ಮನೆಗೆ ಬಿಡುವುದಿಲ್ಲ ಎಂದು ನರ್ಸು ಹೇಳಿ ಹೋಗಿದ್ದಾರೆ. ಹುಡುಗಿ ತುಟಿ ಬಿಚ್ಚುವುದಿಲ್ಲ. ನೀರಿನ ಚಮಚ ಹಿಡಿದ ಅಪ್ಪ ಅಜ್ಜಿಯತ್ತ ತಿರುಗುತ್ತಾನೆ. ಅಜ್ಜಿ ಚಮಚ ಇಸಿದುಕೊಳ್ಳುವುದಿಲ್ಲ.

ಅವನು ಮಗಳತ್ತ ಬಾಗಿ ಹೇಳುತ್ತಾನೆ, "ನೋವಾಗುತ್ತೆ ಪುಟ್ಟೀ. ಬೆಳಿಗ್ಗೆ ನಾನು ಸುಳ್ಳು ಹೇಳ್ದೆ. ಮೊದಲನೇ ಗುಟುಕು ತುಂಬಾ ನೋವಾಗುತ್ತೆ. ನನ್ನ ಬೆರಳು ಗಟ್ಟಿಯಾಗಿ ಹಿಡ್ಕೋ."

ಹುಡುಗಿ ಅವನನ್ನೇ ದಿಟ್ಟಿಸುತ್ತಾಳೆ. ಬೆರಳು ಹಿಡಿಯುತ್ತಾಳೆ. ನುಂಗಿ, ಮುಖ ಕಿವುಚಿ, ಗೋಳೋ ಎಂದು ಅತ್ತು, ಮತ್ತೆ ಬಾಯಿ ತೆರೆಯುತ್ತಾಳೆ.

ಹೊರಗೆ ಬಂದ ಮೇಲೆ ಅಜ್ಜಿ ಗೋಡೆಗೊರಗುತ್ತಾರೆ. ಏನಾದರೂ ಆಸೆಯಿದೆಯೇ ಎಂದು ಕೇಳಿದರೆ ಒಳಗಿನ ಕೋಣೆಯತ್ತ ಕೈ ತೋರಿಸುತ್ತಾರೆ.

"ಮಕ್ಕಳಿಗೆ ಎಚ್ಚರವಾಗೋ ಆ ರೂಮಲ್ಲಿ ಕುರ್ಚಿನೇ ಇಲ್ಲ ನೋಡಿ. ಎರಡು ಹಾಕಿಸಿದ್ರೆ ಚೆನ್ನಾಗಿತ್ತು. ಒಂದು ಅಪ್ಪನಿಗೋ ಅಮ್ಮನಿಗೋ. ಇನ್ನೊಂದು ನಂಗೇ."