ಗುಲಾಬಿ ನೀರಿನಲ್ಲಿಟ್ಟ ಮುಖ

ಕಳೆದ ವಾರ ಅಣ್ಣನ ಮಗಳು ನಮ್ಮ ಅಡುಗೆಮನೆಯಲ್ಲಿ ಚೈನಾ ಗ್ರಾಸ್ ಕುದಿಸುತ್ತಿದ್ದಳು. ಪುಡ್ಡಿಂಗ್‌ಗಲ್ಲ, ಮುಖಕ್ಕೆ ಹಚ್ಚಿಕೊಳ್ಳಲು. ಮೊಬೈಲ್ ನೋಡಿ ಕಲಿತದ್ದು. ಕಡಲ ಪಾಚಿಯ ಆ ಮಂದ ವಾಸನೆಗೆ ಗುಲಾಬಿ ನೀರು ಬೆರೆತದ್ದೇ, ನಾನು ಎದ್ದು ಕಿಟಕಿ ತೆರೆದೆ. ಸುಂಟಿಕೊಪ್ಪ ನೆನಪಾಯಿತು...

ಆಗ ನಾನು ಆ ಊರಿನಲ್ಲಿ ಪತ್ರಿಕೆಯೊಂದರ ವರದಿಗಾರ್ತಿ. ನನ್ನ ಬಾಡಿಗೆ ಕೋಣೆಯ ಕೆಳಗೆ ಅಕ್ಕನ ಬ್ಯೂಟಿ ಪಾರ್ಲರ್. ನನಗೆ ಸಂಬಂಧಿಯಲ್ಲ, ಊರಿಗೆಲ್ಲ ಅಕ್ಕ. ಚೈನಾ ಗ್ರಾಸಿನ ಎಳೆಗಳನ್ನು ನೆನೆಸಿ, ಕುದಿಸಿ, ಬೆಚ್ಚಗಿರುವಾಗಲೇ ಬ್ರಷ್‌ನಿಂದ ಮುಖಕ್ಕೆ ಬಳಿಯುತ್ತಿದ್ದರು. ತಣಿದಂತೆ ಅದು ಗಟ್ಟಿಯಾಗುತ್ತಿತ್ತು. ಗಲ್ಲದಿಂದ ಮೇಲಕ್ಕೆ ಬಿಡಿಸಿದರೆ ಮೂಗು, ತುಟಿ, ಹಣೆಯ ಗೆರೆ ಸಮೇತ ಇಡೀ ಮುಖ ಪೊರೆಯಾಗಿ ಕೈಗೆ ಬರುತ್ತಿತ್ತು. ಕಣ್ಣಿನ ಜಾಗದಲ್ಲಿ ಮಾತ್ರ ತೂತು.

ಉದುರಿದ ಕೂದಲು, ಕತ್ತರಿಸಿದ ಉಗುರನ್ನು ಕಂಡವರ ಕೈಗೆ ಸಿಗುವಂತೆ ಬಿಡಬಾರದು ಎನ್ನುವವರು ಅಲ್ಲಿ ಬಹಳ. ಅಕ್ಕ ಈ ಪೊರೆಯನ್ನೂ ಅದೇ ಲೆಕ್ಕಕ್ಕೆ ಸೇರಿಸಿದ್ದರು. ಕಾಫಿ ತೋಟದ ಕೂಲಿಯವರ ಲೈನ್‌ಮನೆಗಳಿಂದ ಬರುವ ಹೆಂಗಸರಿಗೆ ಪೊರೆಯನ್ನು ಬಾಳೆಲೆಯಲ್ಲಿ ಸುತ್ತಿ ಕೊಡುತ್ತಿದ್ದರು. "ನಿಮ್ಮ ಮುಖ ನೀವೇ ತಗೊಂಡೋಗಿ ಮಾರಾಯ್ರೇ, ಇಲ್ಲಿ ನಂದೇ ನೋಡಿ ನೋಡಿ ಸಾಕಾಗಿದೆ." ಎಲ್ಲರೂ ನಗುತ್ತಿದ್ದರು.

ಹೊಸದಾಗಿ ಕುದಿಸಿದ್ದನ್ನು ಮೊದಲು ತಮ್ಮ ತಂಗಿಯ ಮುಖಕ್ಕೆ ಹಚ್ಚಿ ನೋಡುವುದು ಅಕ್ಕನ ಪದ್ಧತಿ. ತಂಗಿಯೂ ಅಲ್ಲೇ ಕೆಲಸ ಮಾಡುತ್ತಿದ್ದಳು. ಹಾಗೆ ಹಚ್ಚಿ ಬಿಡಿಸಿದ ಒಂದು ಸಂಜೆ ಅವಳಿಗೆ ಜ್ವರ ಬಂತು. ಆಸ್ಪತ್ರೆಗೆ ಹೋದವಳು ಮರಳಲಿಲ್ಲ. ಪೊರೆ ಸ್ಟೀಲ್ ತಟ್ಟೆಯಲ್ಲೇ ಉಳಿದಿತ್ತು.

ಅಕ್ಕ ಅದನ್ನು ಎಸೆಯಲೂ ಇಲ್ಲ, ಸುಡಲೂ ಇಲ್ಲ. ಒಣಗದಿರಲಿ ಎಂದು ಗುಲಾಬಿ ನೀರಿನಲ್ಲಿಟ್ಟರು. ನೀರಿನಲ್ಲಿ ಅದು ಉಬ್ಬಿತು. ಕಣ್ಣಿನ ತೂತುಗಳು ದಿನೇ ದಿನೇ ಕಿರಿದಾದವು. ನೋಡಿದವರಿಗೆ ಯಾರೋ ನಿಧಾನವಾಗಿ ಕಣ್ಣು ಮುಚ್ಚುತ್ತಿರುವಂತೆ... ಆಮೇಲೆ ಅಂಚು ಲೋಳೆಯಾಗತೊಡಗಿತು.

ಒಂದು ಮಧ್ಯಾಹ್ನ ಅಕ್ಕ ನನ್ನನ್ನು ಕೂಗಿದರು. ಪೊರೆ ಒಲೆಯ ಮೇಲಿನ ಪಾತ್ರೆಯಲ್ಲಿ ಕರಗುತ್ತಿತ್ತು. ಪಕ್ಕದಲ್ಲಿ ಕನ್ನಡಿ, ಬ್ರಷ್.

"ಎಂತ ಮಾಡ್ತಿದ್ದೀರಿ ಅಕ್ಕಾ?"

"ಇದು ಮತ್ತೆ ಕಾಸಿದ್ರೆ ಮತ್ತೆ ಗಟ್ಟಿ ಆಗ್ತದೆ ಪೇಪರ್ ಮೇಡಂ. ಇಬ್ಬರೂ ಒಂದೇ ಅಚ್ಚು ಅಂತ ಎಲ್ಲರೂ ಹೇಳ್ತಿದ್ರಲ್ಲ. ನನ್ನ ಮುಖದ ಮೇಲೆ ಕೂರಿಸಿದ್ರೆ ಅವಳೇ ಬರ್ತಾಳೆ. ನೀವು ಫೋಟೋ ತೆಗೀಬೇಕು, ಅಷ್ಟೇ."

ಬಳಿದುಕೊಂಡು ಕುಳಿತರು. ಗಟ್ಟಿಯಾದ ಮೇಲೆ ಗಲ್ಲದಿಂದ ಬಿಡಿಸಿ, ಕಪ್ಪು ಟವೆಲಿನ ಮೇಲೆ ಹರಡಿದರು. ನಾನು ಬಗ್ಗಿ ನೋಡಿದೆ. ಅದು ತಂಗಿಯ ಮುಖವಲ್ಲ. ಅಕ್ಕನದೂ ಆಗಿರಲಿಲ್ಲ. ಕೆನ್ನೆ ಅಗಲ, ತುಟಿ ಬಿಗಿ, ವಯಸ್ಸಾದ ಯಾವುದೋ ಹೆಂಗಸು. ಕರಗಿಸಿದ್ದು ಹಳಸಿತ್ತು, ಸಮನಾಗಿ ಕೂತಿರಲಿಲ್ಲ ಎಂದು ಕಾರಣ ಕೊಡಬಹುದು. ಆಗಲೂ ಅದನ್ನೇ ಹೇಳಿದೆ.

ಅಕ್ಕ ಕೇಳಿಸಿಕೊಳ್ಳಲಿಲ್ಲ. "ಇವಳು ಯಾರು?" ಎಂದರು. ಪೊರೆಯ ಅಂಚು ಮುಟ್ಟಿ ನೋಡಿ, "ಅವಳನ್ನ ನಾನೇ ಕರಗಿಸಿಬಿಟ್ಟೆ" ಎಂದರು. ನಾನು ಫೋಟೋ ತೆಗೆಯಲಿಲ್ಲ.

ಅಕ್ಕ ತೀರಿಕೊಂಡು ವರ್ಷಗಳಾದವು. ಪಾರ್ಲರ್ ಇದ್ದಲ್ಲಿ ಈಗ ಬೇಕರಿ. ಅವರ ದನಿ, ನಗು, ಕೈಬಳೆಯ ಸದ್ದು ಎಲ್ಲವೂ ನೆನಪಿದೆ. ಮುಖ ಮಾತ್ರ ಎಷ್ಟು ಪ್ರಯತ್ನಪಟ್ಟರೂ ಬರುವುದಿಲ್ಲ... ಬರುವವಳು ಟವೆಲಿನ ಮೇಲಿದ್ದ ಆ ಹೆಂಗಸು.