ಅಡ್ಡ ಬಂದ ಬುದ್ಧಿಹಲ್ಲು

ನನಗೆ ಬುದ್ಧಿ ಬಂದದ್ದು ತಡವಾಗಿ, ಅದೂ ಅಡ್ಡಡ್ಡವಾಗಿ. ಹಾಗೆಂದವರು ಹೆಂಡತಿ ಶಾರದೆಯಲ್ಲ, ಹಿಮಾಯತ್‌ನಗರದ ಹಲ್ಲಿನ ಡಾಕ್ಟರಮ್ಮ. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಕೆಳದವಡೆಯ ಮೂಲೆಯಲ್ಲಿ ರೈಲಿನ ಬರ್ತು ಹಿಡಿದ ಪ್ರಯಾಣಿಕನಂತೆ ಪವಡಿಸಿದ್ದ ಹಲ್ಲನ್ನು ತೋರಿಸಿದರು.

ಈ ಹಲ್ಲಿಗೂ ಬುದ್ಧಿಗೂ ಗಂಟು ಹಾಕಿದವರು ಯಾರೋ ಕಾಣೆ. ನಮ್ಮಲ್ಲಿ ಬುದ್ಧಿಹಲ್ಲು, ತೆಲುಗಿನಲ್ಲಿ ಜ್ಞಾನದಂತ, ಉರ್ದುವಿನಲ್ಲಿ ಅಕಲ್ ದಾಢ್. ಹೈದರಾಬಾದಿನಲ್ಲಿ ಮೂರು ಭಾಷೆಗಳು ಒಂದು ಮಾತಿಗೆ ಒಪ್ಪುವುದೇ ಅಪರೂಪ. ಒಪ್ಪಿದ್ದು ಇಂಥ ಉಪಯೋಗವಿಲ್ಲದ ಹಲ್ಲಿನ ವಿಷಯದಲ್ಲಿ. ಬುದ್ಧಿ ಬರುವಾಗ ದವಡೆ ಬಾತು ಬಾಯಿ ತೆರೆಯಲಾಗುವುದಿಲ್ಲ ಎಂಬುದನ್ನು ಮಾತ್ರ ಮೂರೂ ಮುಚ್ಚಿಟ್ಟಿವೆ.

ಕಿತ್ತುಬಿಡಿ ಎಂದೆ. ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿ ಉಕ್ಕು ಕೊರೆಸುವ ಮೇಲ್ವಿಚಾರಕನಿಗೆ ಒಂದು ಹಲ್ಲು ಯಾವ ಮಹಾ? ಡಾಕ್ಟರಮ್ಮ ಅವಸರ ಮಾಡಲಿಲ್ಲ. ಇದು ಇಕ್ಕಳ ಹಾಕಿ ಎಳೆಯುವ ಹಲ್ಲಲ್ಲ, ವಸಡು ಕೊಯ್ದು, ತುಂಡು ಮಾಡಿ ತೆಗೆಯಬೇಕು. ಅದರ ಬೇರಿಗೆ ತಾಗಿಕೊಂಡೇ ತುಟಿಯ ನರ ಹಾದಿದೆ. ಪೆಟ್ಟಾದರೆ ಕೆಳತುಟಿ ಕೆಲವು ತಿಂಗಳು, ಅಪರೂಪಕ್ಕೆ ಶಾಶ್ವತವಾಗಿ, ಜೋಮು ಹಿಡಿಯಬಹುದು ಎಂದರು.

ನನ್ನ ಧೈರ್ಯ ಅಲ್ಲಿಗೆ ಮುಗಿಯಿತು. ಯಾಕೆಂದರೆ ನಾನು ಕೊಳಲು ನುಡಿಸುತ್ತೇನೆ. ಕಚೇರಿ ಕೊಡುವಷ್ಟೇನಲ್ಲ, ಸಂಜೆ ತಾರ್ನಾಕದ ನಮ್ಮ ಮನೆಯ ತಾರಸಿಯ ಮೇಲೆ, ನನಗಾಗಿ. ಆದರೆ ದಿನದಲ್ಲಿ ನಾನು ನಾನಾಗಿರುವುದು ಆ ಹೊತ್ತಿನಲ್ಲೇ. ಕೊಳಲಿನ ಊದುರಂಧ್ರ ನುಡಿಸುವವನ ಕಣ್ಣಿಗೆ ಬೀಳುವುದಿಲ್ಲ. ಅದರ ಅಂಚನ್ನು ಕೆಳತುಟಿಯೇ ಹುಡುಕಿಕೊಳ್ಳಬೇಕು. ಜೋಮು ಹಿಡಿದ ತುಟಿಗೆ ಕೊಳಲೂ ಒಂದೇ, ಲಟ್ಟಣಿಗೆಯೂ ಒಂದೇ.

ಮನೆಗೆ ಬಂದು, ಹಲ್ಲು ಇದ್ದಲ್ಲೇ ಇರಲಿ ಎಂದು ತೀರ್ಮಾನ ಹೇಳಿದೆ. ಕಲಬುರಗಿ ಕಡೆಯ ಶಾರದೆ ತೀರ್ಮಾನಗಳಿಗೆ ಹೆದರುವವಳಲ್ಲ.

"ಬಾವು ಬಂದಾಗೊಮ್ಮೆ ಗಂಜಿ ಕುಡಿಯಾಕತ್ತೀರಿ. ಎಷ್ಟು ದಿನ ಹಿಂಗ? ಕೊಳಲಿನ ಸುದ್ದಿ ಡಾಕ್ಟರಿಗೆ ಹೇಳೀರೋ ಇಲ್ಲೋ?"

ಹೇಳಿರಲಿಲ್ಲ. ಬಾಯಿ ತೆರೆದು ಕುಳಿತವನು ಕಲೆಯ ಮಾತೆತ್ತುವುದು ಜಂಬವೆನಿಸಿತ್ತು.

ಮರುದಿನ ಅವಳೇ ಜೊತೆಗೆ ಬಂದು, ಅರ್ಧ ತೆಲುಗು ಅರ್ಧ ಹಿಂದಿಯಲ್ಲಿ ಎಲ್ಲ ಹೇಳಿದಳು. ಡಾಕ್ಟರಮ್ಮ ಎಕ್ಸ್‌ರೇಯನ್ನು ಮತ್ತೊಮ್ಮೆ ನೋಡಿ ಇನ್ನೊಂದು ದಾರಿ ತೋರಿಸಿದರು: ಹಲ್ಲಿನ ತಲೆಯನ್ನಷ್ಟೇ ಕತ್ತರಿಸಿ ತೆಗೆದು, ಬೇರನ್ನು ಮೂಳೆಯೊಳಗೇ ಬಿಡುವುದು. ಬೇರು ಮುಂದೆ ತಂಟೆ ಮಾಡಿದರೆ ಮತ್ತೆ ಕೊಯ್ಯಬೇಕಾದೀತು ಎಂದೂ ಮುಚ್ಚುಮರೆಯಿಲ್ಲದೆ ಹೇಳಿದರು. ಒಪ್ಪಿದೆ. ಈ ಸಲದ ಧೈರ್ಯ ಎಲ್ಲ ತಿಳಿದ ಮೇಲೆ ಬಂದದ್ದು, ಹಾಗಾಗಿ ಗಟ್ಟಿಯಾಗಿತ್ತು.

ಚುಚ್ಚುಮದ್ದು ಕೊಟ್ಟ ಮೇಲೆ ನೋವಿರಲಿಲ್ಲ, ತಲೆಯೊಳಗೇ ಕೊರೆಯುವ ಸದ್ದು ಮಾತ್ರ. ಸಂಜೆಯವರೆಗೂ ತುಟಿ ಯಾರೋ ಇಟ್ಟು ಮರೆತುಹೋದ ಸಾಮಾನಿನಂತೆ ಜೋತುಬಿದ್ದಿತ್ತು. ಕನ್ನಡಿಯ ಮುಂದೆ ನಿಂತು ತಟ್ಟಿ ತಟ್ಟಿ ನೋಡಿದೆ. ದೀಪ ಹಚ್ಚುವ ಹೊತ್ತಿಗೆ ಅದರ ಮೇಲೆ ಇರುವೆ ಹರಿದಂತಾಯಿತು. ಇರುವೆಗಳನ್ನು ಅಷ್ಟು ಪ್ರೀತಿಯಿಂದ ನಾನೆಂದೂ ಬರಮಾಡಿಕೊಂಡಿಲ್ಲ.

ಹೊಲಿಗೆ ಬಿಚ್ಚಿ, ಗಾಯ ಮಾಗಿದ ಮೇಲೆ ಊದಲು ಅಪ್ಪಣೆ ಸಿಕ್ಕಿತು. ತಾರಸಿಗೆ ಹೋಗಿ ಕೊಳಲೆತ್ತಿದೆ. ತುಟಿ ತನ್ನ ಜಾಗ ಹುಡುಕಿಕೊಂಡಿತು. ಒಂದು ಸ್ವರ ಬಂತು, ಅದರ ಹಿಂದೆ ಇನ್ನೊಂದು. ಒಣಗಿದ ಬಟ್ಟೆ ತೆಗೆಯುತ್ತಿದ್ದ ಶಾರದೆಯನ್ನು, ಹೇಗಿದೆ ಎಂದು ಕೇಳಿದೆ.

"ಮೊದಲ ಹೆಂಗಿತ್ತೋ ಹಂಗೇ ಐತ್ರಿ," ಎಂದಳು.

ಬೇರೆ ದಿನವಾಗಿದ್ದರೆ ಇದನ್ನು ಟೀಕೆಯೆಂದು ತಿಳಿದು ಮುನಿಸಿಕೊಳ್ಳುತ್ತಿದ್ದೆ. ಅಂದು ಮಾತ್ರ ಆ ಮಾತನ್ನು ಇನ್ನೊಮ್ಮೆ ಹೇಳಿಸಿಕೊಂಡೆ.