ದೊರೆಯ ಎಡಮಗ್ಗುಲಲ್ಲಿ

ಅಂಜನಾಪುರದ ತಿಮ್ಮರಾಯಪ್ಪನವರಿಗೆ ಮೂರಂತಸ್ತಿನ ಬಾಡಿಗೆ ಮನೆಯಿದೆ, ಕೆಳಗೆ ಅಂಗಡಿ ಮಳಿಗೆಗಳಿವೆ. ಆದರೂ ಯಾರಾದರೂ ಏನು ಮಾಡುತ್ತೀರಿ ಎಂದು ಕೇಳಿದರೆ ‘ಬೇಸಾಯ’ ಎನ್ನುತ್ತಾರೆ. ಸುಳ್ಳೇನಲ್ಲ. ಊರ ಹೊಲವೆಲ್ಲ ಲೇಔಟ್ ಆದ ಮೇಲೂ ಅವರು ಬಿಡದೆ ಉಳಿಸಿಕೊಂಡ ತುಂಡು ಭೂಮಿಯಲ್ಲಿ ದಂಟು, ಸಬ್ಬಸಿಗೆ, ಮೆಂತ್ಯ ಬೆಳೆಯುತ್ತಾರೆ. ಮೂರು ಕಡೆ ಅಪಾರ್ಟ್‌ಮೆಂಟ್ ಕಾಂಪೌಂಡು ಎದ್ದಿದೆ, ಹೋಗಿಬರಲು ಒಂದು ಓಣಿ ಉಳಿದಿದೆ. ಆ ಓಣಿಯಲ್ಲಿ ಟ್ರ್ಯಾಕ್ಟರ್ ತಿರುಗುವುದಿಲ್ಲ, ದೊರೆ ತಿರುಗುತ್ತಾನೆ.

ದೊರೆ ಅವರ ಎತ್ತು. ‘ಅದು’ ಎಂದು ಯಾರಾದರೂ ಅಂದರೆ ತಿಮ್ಮರಾಯಪ್ಪನವರಿಗೆ ಸರಿಬರುವುದಿಲ್ಲ. ಹೋದ ವರ್ಷ ಅವನ ಜೋಡಿ ರೋಗ ಬಂದು ಸತ್ತಾಗ, ಬಡಗಿ ಪಾಪಯ್ಯನ ಕೈಲಿ ಒಂಟಿ ನೊಗ ಮಾಡಿಸಿ, ಯಜಮಾನನೂ ಎತ್ತೂ ಹೊಸದಾಗಿ ಉಳುಮೆ ಕಲಿತರು. ಅದು ಒಗ್ಗುವಷ್ಟರಲ್ಲಿ ದೊರೆಯ ಎಡಗಣ್ಣಿಗೆ ಪೊರೆ ಬಂತು.

ಪಶುವೈದ್ಯೆ ಸುರಭಿ ಟಾರ್ಚ್ ಬಿಟ್ಟು ನೋಡಿ, “ಈ ಕಣ್ಣು ಇನ್ನು ಬರಲ್ಲ ಅಂಕಲ್. ಬಾಕಿ ಎಲ್ಲ ಗಟ್ಟಿಯಾಗಿದ್ದಾನೆ,” ಎಂದರು.

“ಗಟ್ಟಿಯಾಗಿದ್ದಾನಲ್ಲ, ಸಾಕು ಬಿಡಮ್ಮ.”

ಆದರೆ ಮರುದಿನವೇ ಹೊಲಕ್ಕೆ ಹೋಗುವಾಗ ಎಡಗಡೆಯಿಂದ ಡೆಲಿವರಿ ಬೈಕೊಂದು ಹಾರ್ನ್ ಹೊಡೆಯಿತು. ದೊರೆ ಬೆದರಿ ಹಗ್ಗ ಕಿತ್ತುಕೊಂಡು ಓಡಿ, ಸೊಪ್ಪಿನ ತಳ್ಳುಗಾಡಿಯೊಂದನ್ನು ಉರುಳಿಸಿದ. ಚೆಲ್ಲಿದ್ದನ್ನು ಆರಿಸಿಕೊಡುತ್ತಿದ್ದ ತಿಮ್ಮರಾಯಪ್ಪನವರ ಬಳಿ ಅಪಾರ್ಟ್‌ಮೆಂಟಿನ ಸೇತುರಾಮ ಬಂದು ನಿಂತರು. ಬ್ಯಾಂಕಿನಿಂದ ನಿವೃತ್ತರಾದವರು, ಒಳ್ಳೆಯ ಮನುಷ್ಯ.

“ಗೋಶಾಲೆಗೆ ಬಿಟ್ಬಿಡಿ. ಪಾಪ, ಆರಾಮಾಗಿರ್ಲಿ.”

“ಸಾರ್, ರಿಟೈರ್ ಆದ್ಮೇಲೆ ಹೊತ್ತೇ ಹೋಗಲ್ಲ ಅಂತ ನೀವೇ ಅಂತಿದ್ರಿ. ಅವನಿಗ್ಯಾಕೆ ಆ ಕಷ್ಟ?”

ಸೇತುರಾಮ ನಕ್ಕುಬಿಟ್ಟರು.

ತಿಮ್ಮರಾಯಪ್ಪನವರು ಇಷ್ಟು ವರ್ಷ ದೊರೆಯ ಬಲಕ್ಕೆ ನಡೆದವರು. ಅಂದಿನಿಂದ ಎಡಕ್ಕೆ ಬಂದರು. ಕತ್ತಲಾದ ಆ ಮಗ್ಗುಲಲ್ಲಿ ನಿಂತು, ಅವನ ಹೆಗಲ ಡುಬ್ಬದ, ಹಿಣಿಲಿನ ಮೇಲೆ ಕೈಯಿಟ್ಟು, ಮಾತಾಡುತ್ತಾ ನಡೆದರು. ಸುಮ್ಮನಾದರೆ ದೊರೆ ನಿಂತುಬಿಡುತ್ತಿದ್ದ. ತಿಮ್ಮರಾಯಪ್ಪನವರು ಮೂಲತಃ ಮಾತು ಕಡಿಮೆಯ ಆಸಾಮಿ, ಏನು ಹೇಳುವುದೆಂದು ತಿಳಿಯದೆ ಊರಿನ ಸಂಗತಿಗಳನ್ನೇ ಹೇಳತೊಡಗಿದರು: “ಆ ಜಿಮ್ ಐತಲ್ಲ, ಅಲ್ಲೇ ನಮ್ ಸಿದ್ದಲಿಂಗಯ್ಯನ ಬಾವಿ ಇದ್ದಿದ್ದು... ಇಲ್ಲಿ ಹಂಪ್ ಐತೆ, ನಿಧಾನ...” ಹೊಲದಲ್ಲಿ ನೇಗಿಲು ಹಿಡಿದಾಗಲೂ ಹಿಂದಿನಿಂದ ಅದೇ ಮಾತು. ಮೊದಲು ಸಾಲುಗಳು ಬಲಕ್ಕೆ ವಾಲಿದವು, ಬರಬರುತ್ತ ನೆಟ್ಟಗಾದವು.

“ನಮ್ ಮದ್ವೆ ಆದಾಗಿಂದ ನನ್ ಹತ್ರ ಇಷ್ಟು ಮಾತಾಡಿಲ್ಲ,” ಎಂದರು ಹೆಂಡತಿ ಲಕ್ಷ್ಮಮ್ಮ.

“ನಿಂಗೆ ಎರಡೂ ಕಣ್ಣು ಕಾಣ್ತದಲ್ಲ.”

ಈ ಜೂನ್‌ನಲ್ಲಿ ಮಳೆ ಬಿದ್ದು ನೆಲ ಹದವಾದ ಹೊತ್ತಿಗೆ ತಿಮ್ಮರಾಯಪ್ಪನವರಿಗೆ ನೆಗಡಿಯಾಗಿ ಗಂಟಲು ಕಟ್ಟಿತು. ಹದ ಕಾಯುವುದಿಲ್ಲ. ನೇಗಿಲು ಹೂಡಿದರು. ದೊರೆ ಒಂದು ಸಾಲು ನಡೆದು, ಕಾಂಪೌಂಡಿನ ಬಳಿ ನಿಂತ. ತಿಮ್ಮರಾಯಪ್ಪನವರು ಬಾಯಿ ತೆರೆದರೆ ಬರೀ ಗಾಳಿ. ಬುತ್ತಿ ತಂದಿದ್ದ ಲಕ್ಷ್ಮಮ್ಮ ಸೆರಗು ಸಿಕ್ಕಿಸಿಕೊಂಡು ಎತ್ತಿನ ಎಡಕ್ಕೆ ಹೋದರು.

“ನಡಿಯೋ ದೊರೆ. ಈ ಮನುಷ್ಯ ರಾತ್ರಿಯೆಲ್ಲ ಕೆಮ್ಮಿದ್ರೂ ಮಾತ್ರೆ ಬೇಡ ಅಂದ, ಗೊತ್ತಾ?”

ದೊರೆಯ ಕಿವಿ ಅತ್ತ ತಿರುಗಿತು. ಹೊಸ ದನಿ. ಅವನು ಕದಲಲಿಲ್ಲ. ಲಕ್ಷ್ಮಮ್ಮ ಹಿಣಿಲಿನ ಮೇಲೆ ಕೈಯಿಟ್ಟು, ತನ್ನ ತಂಗಿಯ ಮದುವೆಗೆ ಗಂಡ ತಡವಾಗಿ ಬಂದದ್ದರಿಂದ ಹಿಡಿದು ಹೇಳುತ್ತ ಹೋದರು. ದೊರೆ ಒಮ್ಮೆ ಉಸಿರುಬಿಟ್ಟು ನಡೆದ. ಹಿಂದೆ ನೇಗಿಲ ಮೇಳಿ ಹಿಡಿದ ತಿಮ್ಮರಾಯಪ್ಪನವರು ಒಂದಕ್ಕೂ ಉತ್ತರ ಕೊಡಲಾಗದೆ, ಭುಜ ಕುಣಿಯುವ ಹಾಗೆ ನಗುತ್ತಾ ಉತ್ತರು. ಮಧ್ಯಾಹ್ನದೊಳಗೆ ಇಡೀ ತುಂಡು ಮುಗಿಯಿತು.

ಗಂಟಲು ವಾಸಿಯಾದ ಮೇಲೂ ಲಕ್ಷ್ಮಮ್ಮ ಬರುವುದನ್ನು ಬಿಡಲಿಲ್ಲ. ಈಗ ಬೆಳಗ್ಗೆ ಮೂವರೂ ಒಟ್ಟಿಗೆ ಓಣಿಯಲ್ಲಿ ನಡೆಯುತ್ತಾರೆ. ಯಾರು ಮಾತಾಡುವುದೆಂದು ಅಲ್ಲಲ್ಲಿ ಜಗಳವಾಗುತ್ತದೆ. ದೊರೆಗೆ ಜಗಳವೂ ಆದೀತು, ಸದ್ದಿದ್ದರೆ ಸಾಕು.